ಅಮೇರಿಕೆಯಲ್ಲಿ ಸಮಾನತೆಯ ಶಾಸನಗಳು



ಇತಿಹಾಸದ ಇಸವಿಗಳನ್ನು ಬಾಯಿಪಾಠ ಮಾಡುವುದು ಸುಲಭ. ಒಂದು ಇಸವಿಗೂ ಮತ್ತೊಂದು ಇಸವಿಗೂ ನಡುವೆ ಜನರು ಏನನ್ನು ಅನುಭವಿಸಿದರೆಂಬುದನ್ನು ಅರಿಯುವುದು ಕಠಿಣ. ಅಮೇರಿಕೆಯ ಸಂಯುಕ್ತ ಸಂಸ್ಥಾನಗಳ ಚರಿತ್ರೆಯಲ್ಲಿ ೧೮೬೫, ೧೮೯೬, ೧೯೫೪, ೧೯೬೪, ೧೯೬೫ ಎಂಬ ಐದು ಇಸವಿಗಳು ಬಹು ಮುಖ್ಯವಾದುವು. ಈ ವರ್ಷಗಳ ಶಾಸನಗಳನ್ನೂ ತೀರ್ಪುಗಳನ್ನೂ ನಾವು ಇಲ್ಲಿ ಕ್ರಮವಾಗಿ ಪರಿಶೀಲಿಸುವೆವು. ಕಾಯಿದೆಯು ಪುಸ್ತಕದಲ್ಲಿ ಬರೆದ ಮಾತ್ರಕ್ಕೆ ನಡೆದುಬಿಡುವುದೇ? ನಡೆಯದಿದ್ದರೆ ಅದನ್ನು ನಡೆಸುವವರು ಯಾರು? ಈ ಎರಡು ಪ್ರಶ್ನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ನೀವು ಮುಂದೆ ಓದಬೇಕು.

೧. ಗುಲಾಮಗಿರಿಯ ಅಂತ್ಯ

ಅಮೇರಿಕೆಯ ದಕ್ಷಿಣ ಭಾಗದ ಹತ್ತಿ, ತಂಬಾಕುಗಳ ತೋಟಗಳಲ್ಲಿ ದುಡಿಯುವುದಕ್ಕಾಗಿ ಆಫ್ರಿಕಾ ಖಂಡದಿಂದ ಜನರನ್ನು ಸೆರೆಹಿಡಿದು ಹಡಗುಗಳಲ್ಲಿ ತರುತ್ತಿದ್ದರು. ಅವರೂ ಅವರ ಮಕ್ಕಳೂ ಮೊಮ್ಮಕ್ಕಳೂ ಒಡೆಯರ ಸೊತ್ತೆಂದು ಎಣಿಸಲ್ಪಡುತ್ತಿದ್ದರು. ೧೮೬೦ರ ಹೊತ್ತಿಗೆ ಇಂತಹ ಗುಲಾಮರ ಸಂಖ್ಯೆಯು ಸುಮಾರು ೪೦ ಲಕ್ಷದಷ್ಟಿದ್ದಿತು. ೧೮೬೧ರಲ್ಲಿ ಉತ್ತರ ದಕ್ಷಿಣಗಳ ನಡುವೆ ಅಂತರ್ಯುದ್ಧವು ಆರಂಭವಾಯಿತು. ಅಧ್ಯಕ್ಷ ಅಬ್ರಹಾಂ ಲಿಂಕನ್ನರು ೧೮೬೩ರ ಜನವರಿ ೧ರಂದು ದಂಗೆಯೆದ್ದ ಸಂಸ್ಥಾನಗಳ ಗುಲಾಮರು ಸ್ವತಂತ್ರರೆಂದು ಸಾರಿದರು. ಯುದ್ಧವು ಮುಗಿದ ೧೮೬೫ರಲ್ಲಿ ಸಂವಿಧಾನದ ೧೩ನೆಯ ತಿದ್ದುಪಡಿಯು ದೇಶದಲ್ಲೆಲ್ಲ ಗುಲಾಮಗಿರಿಯನ್ನು ರದ್ದುಗೊಳಿಸಿತು. ೧೮೬೮ರ ೧೪ನೆಯ ತಿದ್ದುಪಡಿಯು ಅಮೇರಿಕೆಯಲ್ಲಿ ಹುಟ್ಟಿದ ಕರಿಯರಿಗೆ ಪೌರತ್ವವನ್ನೂ ಕಾಯಿದೆಯ ಸಮಾನ ರಕ್ಷಣೆಯನ್ನೂ ಕೊಟ್ಟಿತು. ೧೮೭೦ರ ೧೫ನೆಯ ತಿದ್ದುಪಡಿಯು ವರ್ಣದ ಕಾರಣದಿಂದ ಯಾರಿಗೂ ಮತದ ಹಕ್ಕನ್ನು ನಿರಾಕರಿಸಕೂಡದೆಂದು ವಿಧಿಸಿತು.

ಕಾಗದದ ಮೇಲೆ ಕೆಲಸವು ಪೂರ್ಣವಾದಂತೆಯೇ ಕಾಣುತ್ತಿದ್ದಿತು. ಆದರೆ ೧೮೭೭ರಲ್ಲಿ ಕೇಂದ್ರ ಸರಕಾರವು ದಕ್ಷಿಣದಲ್ಲಿ ಕಾವಲಿಗಿದ್ದ ತನ್ನ ಸೈನ್ಯವನ್ನು ಹಿಂತೆಗೆದುಕೊಂಡಿತು. ಅನಂತರ ಅಲ್ಲಿಯ ಸಂಸ್ಥಾನಗಳು ಉಪಾಯದಿಂದ ಹಳೆಯ ಸ್ಥಿತಿಯನ್ನೇ ಮರಳಿ ತರತೊಡಗಿದುವು. ಮತ ಹಾಕಬೇಕಾದರೆ ತೆರಿಗೆಯನ್ನು ತೆರಬೇಕು. ಓದುಬರಹದ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ತೇರ್ಗಡೆಯಾದನೋ ಇಲ್ಲವೋ ಎಂದು ಹೇಳತಕ್ಕವನು ಬಿಳಿಯ ಗುಮಾಸ್ತ. ವರ್ಣವೆಂಬ ಶಬ್ದವನ್ನು ಎಲ್ಲಿಯೂ ಬರೆಯದೆಯೇ ಕರಿಯರನ್ನು ಮತದಾರರ ಪಟ್ಟಿಯಿಂದ ಹೊರಗಿಟ್ಟರು.

೨. “ಬೇರೆ, ಆದರೆ ಸಮಾನ”

ಲೂಯಿಸಿಯಾನಾ ಸಂಸ್ಥಾನವು ೧೮೯೦ರಲ್ಲಿ ರೈಲುಗಾಡಿಗಳಲ್ಲಿ ಬಿಳಿಯರಿಗೂ ಕರಿಯರಿಗೂ ಬೇರೆ ಬೇರೆ ಡಬ್ಬಿಗಳಿರಬೇಕೆಂದು ಕಾಯಿದೆ ಮಾಡಿತು. ಇದನ್ನು ಪರೀಕ್ಷಿಸಬೇಕೆಂದೇ ಹೋಮರ್ ಪ್ಲೆಸ್ಸಿ ಎಂಬಾತನು ೧೮೯೨ರಲ್ಲಿ ಬಿಳಿಯರ ಡಬ್ಬಿಯಲ್ಲಿ ಕುಳಿತು ಬಂಧಿತನಾದನು. ೧೮೯೬ರಲ್ಲಿ ಶ್ರೇಷ್ಠ ನ್ಯಾಯಾಲಯವು ಸೌಕರ್ಯಗಳು ಸಮಾನವಾಗಿದ್ದರೆ ಬೇರೆಯಾಗಿಡುವುದು ತಪ್ಪಲ್ಲವೆಂದು ತೀರ್ಪಿತ್ತಿತು. ಭಿನ್ನಮತವನ್ನು ಬರೆದವರು ನ್ಯಾಯಮೂರ್ತಿ ಹಾರ್ಲನ್ನರೊಬ್ಬರೇ. ಈ ತೀರ್ಪಿನ ಆಸರೆಯಿಂದ ಶಾಲೆ, ಆಸ್ಪತ್ರೆ, ಉಪಾಹಾರಗೃಹ, ಕುಡಿಯುವ ನೀರಿನ ನಲ್ಲಿ ಎಲ್ಲವೂ ಎರಡೆರಡಾದುವು. “ಬೇರೆ” ಎಂಬುದು ಎಲ್ಲೆಡೆಯೂ ನಡೆಯಿತು. “ಸಮಾನ” ಎಂಬುದು ಮಾತಿನಲ್ಲಿಯೇ ಉಳಿಯಿತು.

ಇಲ್ಲಿ ನಮ್ಮ ನಾಡಿನ ಒಬ್ಬ ಮಹಿಳೆಯನ್ನು ನೆನೆಯುವುದು ಉಚಿತ. ಮಂಗಳೂರಿನಲ್ಲಿ ೧೯೦೩ರಲ್ಲಿ ಹುಟ್ಟಿದ ಶ್ರೀಮತಿ ಕಮಲಾದೇವಿ ಚಟ್ಟೋಪಾಧ್ಯಾಯರು ೧೯೪೦ರ ದಶಕದ ಆರಂಭದಲ್ಲಿ ಅಮೇರಿಕೆಯ ದಕ್ಷಿಣ ಭಾಗದಲ್ಲಿ ರೈಲು ಪ್ರಯಾಣ ಮಾಡುತ್ತಿದ್ದಾಗ, ಬಿಳಿಯರ ಡಬ್ಬಿಯಿಂದ ಎದ್ದುಹೋಗುವಂತೆ ಟಿಕೇಟು ತಪಾಸಣೆಯವನು ಹೇಳಿದನು. ಭಾರತದಿಂದ ಬಂದ ಅತಿಥಿಯೆಂದು ಹೇಳಿಕೊಂಡು ಅವರು ವಿನಾಯಿತಿಯನ್ನು ಪಡೆಯಬಹುದಾಗಿದ್ದಿತು. ಹಾಗೆ ಮಾಡದೆ, ತಾವೂ ಕರಿಯ ಬಣ್ಣದವರೇ ಎಂದು ತಿಳಿಸಿ, ಸ್ಥಳವನ್ನು ಬಿಟ್ಟು ಕದಲಲಿಲ್ಲ.

೩. ಹದಿನಾರರ ಹುಡುಗಿಯ ಹರತಾಳ

ವರ್ಜೀನಿಯಾ ಸಂಸ್ಥಾನದ ಪ್ರಿನ್ಸ್ ಎಡ್ವರ್ಡ್ ಜಿಲ್ಲೆಯಲ್ಲಿ ಫಾರ್ಮ್‌ವಿಲ್ ಎಂಬ ಚಿಕ್ಕ ಊರಿದೆ. ಅಲ್ಲಿಯ ಕರಿಯ ಮಕ್ಕಳ ಮೋಟನ್ ಪ್ರೌಢಶಾಲೆಯನ್ನು ೧೮೦ ವಿದ್ಯಾರ್ಥಿಗಳಿಗಾಗಿ ಕಟ್ಟಿದ್ದರು. ೧೯೫೧ರಲ್ಲಿ ಅಲ್ಲಿ ೪೫೦ಕ್ಕೂ ಹೆಚ್ಚು ಮಂದಿ ಓದುತ್ತಿದ್ದರು. ಹೊಸ ಕಟ್ಟಡದ ಬದಲು ಆಡಳಿತದವರು ಡಾಂಬರು ಕಾಗದ ಹೊದಿಸಿದ ಗುಡಿಸಲುಗಳನ್ನು ಅಂಗಳದಲ್ಲಿ ಹಾಕಿಸಿದ್ದರು. ಮಳೆ ಬಂದರೆ ಸೋರುತ್ತಿದ್ದುವು. ಚಳಿಗಾಲದಲ್ಲಿ ಒಲೆಯ ಬಳಿ ಕುಳಿತವರಿಗೆ ಸೆಕೆ, ದೂರ ಕುಳಿತವರಿಗೆ ನಡುಕ. ಅದೇ ಊರಿನ ಬಿಳಿಯ ಮಕ್ಕಳ ಶಾಲೆಯಲ್ಲಿ ವ್ಯಾಯಾಮಶಾಲೆಯೂ ಊಟದ ಕೋಣೆಯೂ ಇದ್ದುವು.

ಬಾರ್ಬರಾ ಜಾನ್ಸ್ ಎಂಬ ಹದಿನಾರು ವರ್ಷದ ವಿದ್ಯಾರ್ಥಿನಿಯು ಇದನ್ನು ಸಹಿಸದಾದಳು. ೧೯೫೧ರ ಎಪ್ರಿಲ್ ೨೩ರಂದು ಮುಖ್ಯೋಪಾಧ್ಯಾಯರು ಹೊರಗೆ ಹೋಗುವಂತೆ ಯುಕ್ತಿ ಮಾಡಿ, ಎಲ್ಲ ವಿದ್ಯಾರ್ಥಿಗಳನ್ನೂ ಸಭಾಗೃಹದಲ್ಲಿ ಸೇರಿಸಿ, ಹೊಸ ಶಾಲೆಯು ಸಿಗುವವರೆಗೆ ತರಗತಿಗೆ ಬರುವುದಿಲ್ಲವೆಂದು ನಿಶ್ಚಯ ಮಾಡಿಸಿದಳು. ಅಂದು ಶಾಲೆಗೆ ಶಾಲೆಯೇ ಹೊರಗೆ ನಡೆಯಿತು. ಮಕ್ಕಳ ಕರೆಗೆ ಬಂದ ಇಬ್ಬರು ನ್ಯಾಯವಾದಿಗಳಾದ ಆಲಿವರ್ ಹಿಲ್ ಮತ್ತು ಸ್ಪಾಟ್ಸ್‌ವುಡ್ ರಾಬಿನ್ಸನ್ ಎಂಬವರು ಒಂದು ಕರಾರನ್ನು ಮುಂದಿಟ್ಟರು: ಕೇಳುವುದಾದರೆ ಒಳ್ಳೆಯ “ಬೇರೆ” ಶಾಲೆಯನ್ನು ಕೇಳಬಾರದು; ಎಲ್ಲ ಮಕ್ಕಳೂ ಕೂಡಿ ಓದುವ ಶಾಲೆಯನ್ನೇ ಕೇಳಬೇಕು. ಮಕ್ಕಳೂ ತಾಯಿತಂದೆಗಳೂ ಒಪ್ಪಿದರು. ೧೧೭ ವಿದ್ಯಾರ್ಥಿಗಳ ಹೆಸರಿನಲ್ಲಿ ದಾವೆಯು ದಾಖಲಾಯಿತು.

೪. ತೀರ್ಪು ಬಂದಿತು, ಶಾಲೆ ಮುಚ್ಚಿತು

ಈ ದಾವೆಯೂ ಇಂತಹ ಬೇರೆ ನಾಲ್ಕು ದಾವೆಗಳೂ ಒಟ್ಟುಗೂಡಿ ಶ್ರೇಷ್ಠ ನ್ಯಾಯಾಲಯವನ್ನು ಮುಟ್ಟಿದುವು. ಕಾನ್ಸಸ್ ಸಂಸ್ಥಾನದ ಟೊಪೀಕಾ ಊರಿನ ಬ್ರೌನ್ ಎಂಬವರ ಹೆಸರಿನಿಂದ ಅವೆಲ್ಲ “ಬ್ರೌನ್ ಮೊಕದ್ದಮೆ” ಎಂದು ಪ್ರಸಿದ್ಧವಾಗಿವೆ. ಮುಖ್ಯ ವಾದಿಗಳಾಗಿ ನಿಂತವರು ಥರ್ಗುಡ್ ಮಾರ್ಷಲ್. ಮುಂದೆ ೧೯೬೭ರಲ್ಲಿ ಅದೇ ನ್ಯಾಯಾಲಯದ ಮೊದಲ ಕರಿಯ ನ್ಯಾಯಮೂರ್ತಿಗಳಾದವರು ಇವರೇ. ೧೯೫೪ರ ಮೇ ೧೭ರಂದು ಮುಖ್ಯ ನ್ಯಾಯಮೂರ್ತಿ ಅರ್ಲ್ ವಾರನ್ನರು ಒಂಬತ್ತು ನ್ಯಾಯಮೂರ್ತಿಗಳ ಏಕಮತದ ತೀರ್ಪನ್ನು ಓದಿದರು. ಕಟ್ಟಡ, ಪುಸ್ತಕ, ಸಂಬಳಗಳು ಸಮಾನವಾಗಿದ್ದರೂ ಸರಿಯೇ, ವರ್ಣದ ಕಾರಣದಿಂದ ಮಕ್ಕಳನ್ನು ಬೇರ್ಪಡಿಸುವುದರಿಂದಲೇ ಅವರ ಮನಸ್ಸಿನಲ್ಲಿ ತಾವು ಕೀಳೆಂಬ ಭಾವನೆಯು ಬೇರೂರುವುದು. ಆದುದರಿಂದ ಇಂತಹ ಶಾಲೆಗಳು ಎಂದಿಗೂ ಸಮಾನವಾಗಲಾರವು ಎಂಬುದು ತೀರ್ಪಿನ ಸಾರ.

ತೀರ್ಪು ಬಂದಿತೆಂದು ಬಾಗಿಲು ತೆರೆಯಲಿಲ್ಲ. ೧೯೫೭ರಲ್ಲಿ ಲಿಟಲ್ ರಾಕ್ ನಗರದ ಪ್ರೌಢಶಾಲೆಗೆ ಒಂಬತ್ತು ಕರಿಯ ಮಕ್ಕಳನ್ನು ಸೇರಿಸುವುದಕ್ಕೆ ಅಧ್ಯಕ್ಷ ಐಸೆನ್‌ಹೋವರರು ಸೈನ್ಯವನ್ನೇ ಕಳುಹಿಸಬೇಕಾಯಿತು. ಬಾರ್ಬರಾಳ ಜಿಲ್ಲೆಯಲ್ಲಿಯಾದರೋ ಇನ್ನೂ ವಿಚಿತ್ರವಾದ ಸಂಗತಿ ನಡೆಯಿತು. ೧೯೫೯ರಲ್ಲಿ ಮಕ್ಕಳನ್ನು ಕೂಡಿಸಲೇಬೇಕೆಂಬ ಆಜ್ಞೆಯಾದಾಗ ಜಿಲ್ಲೆಯ ಆಡಳಿತದವರು ಸಾರ್ವಜನಿಕ ಶಾಲೆಗಳಿಗೆ ಹಣ ಮಂಜೂರು ಮಾಡದೆ ಅವುಗಳನ್ನೆಲ್ಲ ಮುಚ್ಚಿಬಿಟ್ಟರು! ಬಿಳಿಯ ಮಕ್ಕಳಿಗಾಗಿ ಖಾಸಗಿ ಶಾಲೆಯೊಂದು ತೆರೆಯಿತು. ಕರಿಯ ಮಕ್ಕಳಲ್ಲಿ ಕೆಲವರು ದೂರದ ನೆಂಟರ ಮನೆಗೆ ಹೋದರು. ಕೆಲವರು ಚರ್ಚುಗಳಲ್ಲಿ ಅಷ್ಟಿಷ್ಟು ಕಲಿತರು. ಅನೇಕರು ಹೊಲಗದ್ದೆಗಳ ಕೆಲಸಕ್ಕೆ ನಿಂತರು. ೧೯೬೪ರಲ್ಲಿ ಶ್ರೇಷ್ಠ ನ್ಯಾಯಾಲಯದ ಆಜ್ಞೆಯಿಂದ ಶಾಲೆಗಳು ಪುನಃ ತೆರೆದುವು. ೧೯೫೯ರಲ್ಲಿ ಎರಡನೆಯ ಇಯತ್ತೆಯಲ್ಲಿದ್ದ ಮಗು ಅಷ್ಟು ಹೊತ್ತಿಗೆ ಏಳನೆಯ ಇಯತ್ತೆಯಲ್ಲಿರಬೇಕಾಗಿದ್ದಿತು. ಆ ಐದು ವರ್ಷಗಳನ್ನು ಯಾವ ನ್ಯಾಯಾಲಯವೂ ಹಿಂದಕ್ಕೆ ಕೊಡಲಾರದು. ೨೦೦೪ರಲ್ಲಿ ವರ್ಜೀನಿಯಾ ಸಂಸ್ಥಾನವು ಹೀಗೆ ಓದು ತಪ್ಪಿದವರಿಗಾಗಿ ವಿದ್ಯಾರ್ಥಿವೇತನದ ಏರ್ಪಾಡು ಮಾಡಿದಾಗ ಅವರು ನಡುವಯಸ್ಸನ್ನು ದಾಟಿದ್ದರು.

೫. ೧೯೬೪ ಮತ್ತು ೧೯೬೫ರ ಕಾಯಿದೆಗಳು

ಹರತಾಳದ ಬಳಿಕ ಬಾರ್ಬರಾಳ ಸುರಕ್ಷೆಗಾಗಿ ಆಕೆಯನ್ನು ಅಲಬಾಮಾ ಸಂಸ್ಥಾನದ ಮಾಂಟ್‌ಗೊಮರಿ ನಗರದಲ್ಲಿದ್ದ ತಂದೆಯ ಸಹೋದರನ ಮನೆಗೆ ಕಳುಹಿಸಿದರು. ಆತನು ಅಲ್ಲಿಯ ಚರ್ಚೊಂದರ ಪಾದ್ರಿ. ಅವನ ನಂತರ ಅದೇ ಚರ್ಚಿಗೆ ಬಂದವರು ಮಾರ್ಟಿನ್ ಲೂಥರ್ ಕಿಂಗ್. ೧೯೫೫ರ ದಶಂಬರ ೧ರಂದು ಬಸ್ಸಿನಲ್ಲಿ ಬಿಳಿಯನಿಗೆ ಸ್ಥಳ ಬಿಡಲೊಪ್ಪದ ರೋಸಾ ಪಾರ್ಕ್ಸ್ ಎಂಬ ಮಹಿಳೆಯು ಬಂಧಿತಳಾದಾಗ, ಆ ನಗರದ ಕರಿಯರು ಕಿಂಗ್ ಅವರ ನೇತೃತ್ವದಲ್ಲಿ ೩೮೧ ದಿವಸ ಬಸ್ಸುಗಳನ್ನು ಬಹಿಷ್ಕರಿಸಿ, ಕಾಲ್ನಡಿಗೆಯಿಂದಲೇ ಕೆಲಸಕ್ಕೆ ಹೋಗಿ ಗೆದ್ದರು. ಗಾಂಧೀಜಿಯವರ ಮಾರ್ಗವನ್ನು ಗುರುವೆಂದು ತಿಳಿದ ಕಿಂಗ್ ಅವರು ೧೯೫೯ರಲ್ಲಿ ಭಾರತಕ್ಕೆ ಬಂದರು. ನಮ್ಮ ಮುಂಬಯಿಯ ಮಣಿಭವನಕ್ಕೂ ಭೇಟಿಯಿತ್ತರು.

ಅಧ್ಯಕ್ಷ ಕೆನಡಿಯವರು ೧೯೬೩ರಲ್ಲಿ ಸೂಚಿಸಿದ ಪೌರಹಕ್ಕುಗಳ ಮಸೂದೆಯು, ಅವರ ಕೊಲೆಯಾದ ಬಳಿಕ, ಅಧ್ಯಕ್ಷ ಜಾನ್ಸನ್ನರ ಕಾಲದಲ್ಲಿ ೧೯೬೪ರ ಜುಲೈ ೨ರಂದು ಕಾಯಿದೆಯಾಯಿತು. ಹೊಟೇಲು, ಚಿತ್ರಮಂದಿರ ಮುಂತಾದ ಸಾರ್ವಜನಿಕ ಸ್ಥಳಗಳಲ್ಲಿಯೂ ನೌಕರಿಯಲ್ಲಿಯೂ ಭೇದವನ್ನು ಇದು ನಿಷೇಧಿಸಿತು. ಭೇದ ಮಾಡುವ ಸಂಸ್ಥೆಗಳಿಗೆ ಕೇಂದ್ರ ಸರಕಾರದ ಹಣವು ದೊರೆಯದೆಂಬ ವಿಧಿಯೂ ಇದ್ದಿತು. ಬ್ರೌನ್ ತೀರ್ಪಿನಿಂದ ಹತ್ತು ವರ್ಷ ಕಳೆದರೂ ದಕ್ಷಿಣದಲ್ಲಿ ಬಿಳಿಯರ ಸಂಗಡ ಓದುವ ಕರಿಯ ಮಕ್ಕಳು ನೂರಕ್ಕೆ ಮೂವರಿಗಿಂತಲೂ ಕಡಮೆಯಿದ್ದರು. ಹಣ ನಿಲ್ಲುವ ಭಯ ಬಂದ ಮೇಲೆ ಬಾಗಿಲುಗಳು ವೇಗವಾಗಿ ತೆರೆದುವು.

ಮರುವರ್ಷ ಮಾರ್ಚಿ ೭ರಂದು ಸೆಲ್ಮಾ ಊರಿನಲ್ಲಿ ಮತದ ಹಕ್ಕಿಗಾಗಿ ಶಾಂತವಾಗಿ ನಡೆಯುತ್ತಿದ್ದವರನ್ನು ಪೋಲೀಸರು ಸೇತುವೆಯ ಬಳಿ ಥಳಿಸಿದರು. ದೇಶವೆಲ್ಲ ಅದನ್ನು ದೂರದರ್ಶನದಲ್ಲಿ ಕಂಡು ನಾಚಿತು. ೧೯೬೫ರ ಆಗಸ್ಟ್ ೬ರ ಮತದಾನದ ಹಕ್ಕುಗಳ ಕಾಯಿದೆಯು ಓದುಬರಹದ ಪರೀಕ್ಷೆಗಳನ್ನು ತಡೆಯಿತು. ಭೇದದ ಪೂರ್ವಚರಿತ್ರೆಯುಳ್ಳ ಪ್ರದೇಶಗಳು ಚುನಾವಣೆಯ ನಿಯಮಗಳನ್ನು ಬದಲಿಸುವ ಮುನ್ನ ಕೇಂದ್ರದ ಒಪ್ಪಿಗೆ ಪಡೆಯಬೇಕೆಂದು ವಿಧಿಸಿತು. ಮಿಸಿಸಿಪ್ಪಿಯಲ್ಲಿ ನೋಂದಣಿಯಾದ ಕರಿಯ ಮತದಾರರು ಮೊದಲು ನೂರಕ್ಕೆ ೭ರಷ್ಟಿದ್ದರು. ೧೯೬೭ರಲ್ಲಿ ೬೦ರ ಸಮೀಪ ಬಂದರು. ಆದರೆ ೨೦೧೩ರಲ್ಲಿ ಶ್ರೇಷ್ಠ ನ್ಯಾಯಾಲಯವು ಯಾವ ಪ್ರದೇಶಗಳು ಒಪ್ಪಿಗೆ ಪಡೆಯಬೇಕೆಂಬುದನ್ನು ನಿರ್ಣಯಿಸುವ ಸೂತ್ರವನ್ನು ೫-೪ ಮತಗಳಿಂದ ತಳ್ಳಿಹಾಕಿತು. ಒಮ್ಮೆ ಗೆದ್ದ ಹಕ್ಕನ್ನು ಮತ್ತೆ ಮತ್ತೆ ಕಾಯಬೇಕಾಗುವುದೆಂಬುದಕ್ಕೆ ಇದು ನಿದರ್ಶನ.

ಅದೇ ೧೯೬೫ರ ಅಕ್ಟೋಬರದಲ್ಲಿ ವಲಸೆಯ ಕಾಯಿದೆಯೂ ಬದಲಾಯಿತು. ೧೯೪೬ರ ಶಾಸನದಂತೆ ಭಾರತದಿಂದ ವರ್ಷಕ್ಕೆ ನೂರು ಜನರಿಗೆ ಮಾತ್ರ ಅಲ್ಲಿ ನೆಲೆಸಲು ಅವಕಾಶವಿದ್ದಿತು. ಹುಟ್ಟಿದ ದೇಶವನ್ನು ನೋಡಿ ಅಳೆಯುವ ಆ ಪದ್ಧತಿಯು ರದ್ದಾದುದರಿಂದ ನಮ್ಮ ವೈದ್ಯರೂ ಎಂಜಿನಿಯರರೂ ಅಲ್ಲಿಗೆ ಹೋಗುವಂತಾಯಿತು. ಇಂದು ಅಮೇರಿಕೆಯಲ್ಲಿರುವ ಕನ್ನಡ ಕೂಟಗಳ ಹಿಂದೆ ಈ ಕಾಯಿದೆಯಿದೆ.

೬. ನಮ್ಮ ಶಾಲೆಯೂ ಬೇರೆಯಲ್ಲವೇ?

ಈಗ ನೀವು ಕೇಳಬಹುದು: “ಮರಾಠಿ, ಇಂಗ್ಲಿಷ್ ಶಾಲೆಗಳಿರುವ ಈ ನಗರದಲ್ಲಿ ನಾವೂ ಬೇರೆ ಶಾಲೆಯಲ್ಲಿ ಓದುತ್ತಿಲ್ಲವೇ?” ಪ್ರಶ್ನೆ ಯೋಗ್ಯವಾದುದು. ಮೋಟನ್ ಶಾಲೆಯ ಮಕ್ಕಳನ್ನು ಇತರರು ಹೊರಗಿಟ್ಟಿದ್ದರು. ನಮ್ಮ ಶಾಲೆಯನ್ನು ನಮ್ಮ ಜನರು ತಾವಾಗಿ ಕಟ್ಟಿಕೊಂಡರು. ಬೇರೆ ಶಾಲೆಗಳ ಬಾಗಿಲು ನಿಮಗೆ ಮುಚ್ಚಿಲ್ಲ. ಭಾಷಾ ಅಲ್ಪಸಂಖ್ಯಾತರು ತಮ್ಮ ಇಷ್ಟದ ವಿದ್ಯಾಸಂಸ್ಥೆಗಳನ್ನು ನಡೆಸಬಹುದೆಂದು ಭಾರತ ಸಂವಿಧಾನದ ೩೦ನೆಯ ವಿಧಿಯು ಹೇಳುತ್ತದೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಮಾಡಿಕೊಡಬೇಕೆಂದು ೧೯೫೬ರಲ್ಲಿ ಸೇರಿದ ೩೫೦-ಎ ವಿಧಿಯು ಹೇಳುತ್ತದೆ. ಬಲಾತ್ಕಾರದ ಬೇರ್ಪಡೆ ಅವಮಾನ. ಒಲಿದು ಕಾಪಾಡಿಕೊಂಡ ಭಾಷೆ ಹಕ್ಕು.

ಆದರೆ ಅಮೇರಿಕೆಯತ್ತ ಬೆರಳು ತೋರಿಸಿ ನಾವು ನಿಶ್ಚಿಂತರಾಗುವಂತಿಲ್ಲ. ನಮ್ಮ ಹಳ್ಳಿಗಳಲ್ಲಿಯೂ ದಲಿತ ಮಕ್ಕಳನ್ನು ಶಾಲೆಯ ಜಗಲಿಯ ಮೇಲೆ ಬೇರೆಯಾಗಿ ಕೂರಿಸಿದ ಕಾಲವಿದ್ದಿತು. ಸಂವಿಧಾನದ ೧೭ನೆಯ ವಿಧಿಯು ಅಸ್ಪೃಶ್ಯತೆಯನ್ನು ೧೯೫೦ರಲ್ಲಿಯೇ ರದ್ದುಗೊಳಿಸಿದ್ದರೂ ಅದು ಎಲ್ಲೆಡೆಯಲ್ಲಿಯೂ ಅಳಿದಿಲ್ಲ. ಕಾಯಿದೆಯು ಬಾಗಿಲಿನ ಬೀಗವನ್ನು ತೆಗೆಯಬಲ್ಲುದು. ಪಕ್ಕದ ಸ್ಥಳವನ್ನು ತೋರಿಸಿ “ಬಾ, ಕುಳಿತುಕೋ” ಎನ್ನಬೇಕಾದವರು ಒಳಗಿರುವ ನಾವೇ.

ಅಭ್ಯಾಸ

೧. ೧೮೯೬ರ ತೀರ್ಪಿಗೂ ೧೯೫೪ರ ತೀರ್ಪಿಗೂ ಇರುವ ಭೇದವೇನು?
೨. ಪ್ರಿನ್ಸ್ ಎಡ್ವರ್ಡ್ ಜಿಲ್ಲೆಯ ಶಾಲೆಗಳನ್ನು ಏಕೆ ಮುಚ್ಚಿದರು? ಅದರಿಂದ ಯಾರಿಗೆ ಏನು ನಷ್ಟವಾಯಿತು?
೩. ೧೯೬೪ರ ಕಾಯಿದೆಯ ಬಳಿಕ ಶಾಲೆಗಳ ಬಾಗಿಲು ಬೇಗನೆ ತೆರೆಯಲು ಕಾರಣವೇನು?
೪. ನಿಮ್ಮ ತರಗತಿಯಲ್ಲಿ ಯಾರಾದರೂ ಒಂಟಿಯಾಗಿ ಕುಳಿತುಕೊಳ್ಳುತ್ತಿರುವರೇ? ಏಕೆಂದು ವಿಚಾರಿಸಿ. ಈ ಪ್ರಶ್ನೆಗೆ ಉತ್ತರವನ್ನು ಬರೆಯಬೇಕಾಗಿಲ್ಲ.