ಮಾಗಿಯ ಕೊನೆಗೆ ತಾಜಿಮಾ ಕಡಲತೀರ: ಅನುಭವದ ಪಾಠಗಳು

ನಾನಿರುವ ಕೋಬೆ ಊರು ಹ್ಯೋಗೊ ಪ್ರಾಂತ್ಯಕ್ಕೆ ಸೇರಿದ್ದು. ಈ ಪ್ರಾಂತ್ಯಕ್ಕೆ ಎರಡು ಕಡಲು: ದಕ್ಷಿಣಕ್ಕೆ ಸೆತೊ ಒಳಗಡಲು, ಉತ್ತರಕ್ಕೆ ಜಪಾನ್ ಸಮುದ್ರ. ಫೆಬ್ರವರಿಯಲ್ಲಿ ಕೋಬೆಯ ಮಹಡಿಯ ಮೇಲೆ ಬಟ್ಟೆ ಒಣಗುವಷ್ಟು ಬಿಸಿಲಿರುವ ದಿನವೇ ಉತ್ತರದ ತಾಜಿಮಾ ಸೀಮೆಯಲ್ಲಿ ಹಿಮ ಬೀಳುತ್ತಿರುತ್ತದೆ. ಊರಿನಿಂದ ಬರುವ ನೆಂಟರಿಷ್ಟರೆಲ್ಲ ಕೇಳುವುದು ಚೆರಿ ಹೂವಿನ ದಿನಗಳನ್ನೇ. ನಾನು ಹೇಳುವುದು ಒಂದೇ ಮಾತು: ಸುಮಾರು ಒಂದು ತಿಂಗಳು ಮೊದಲೇ ಬನ್ನಿ, ಉತ್ತರದ ದಂಡೆಗೆ ಹೋಗೋಣ. ಆ ಹೊತ್ತಿನಲ್ಲಿ ಆ ತೀರ ಪ್ರವಾಸಿಗರಿಗಾಗಿ ಸಿಂಗರಿಸಿಕೊಂಡು ಕೂತಿರುವುದಿಲ್ಲ, ತನ್ನ ದುಡಿಮೆಯಲ್ಲಿ ಮುಳುಗಿರುತ್ತದೆ. ಅದನ್ನು ನೋಡಲು ಹೋಗುವವರು ಅದರ ವೇಳಾಪಟ್ಟಿಗೆ ಹೊಂದಿಕೊಳ್ಳಬೇಕು. ಹೀಗೆ ಜನರನ್ನು ಕರೆದುಕೊಂಡು ಹೋಗಿ ಬಂದು ನಾನು ತಿಳಿದುಕೊಂಡದ್ದು ಇಷ್ಟು.

1. ಕೊಡೆಗಿಂತ ಚಪ್ಪಲಿ-ಬೂಟಿನ ಬಗ್ಗೆ ಹೆಚ್ಚು ಯೋಚಿಸಿ.

ಸೈಬೀರಿಯಾ ಕಡೆಯಿಂದ ಬೀಸುವ ಒಣ ತಂಪುಗಾಳಿ, ಬೆಚ್ಚಗಿನ ತ್ಸುಶಿಮಾ ಪ್ರವಾಹದ ಮೇಲೆ ಹಾದು ಬರುವಾಗ ನೀರಾವಿಯನ್ನು ಹೊತ್ತುಕೊಂಡು ಬಂದು, ಗುಡ್ಡಸಾಲಿಗೆ ಬಡಿದು ಹಿಮವಾಗಿ ಸುರಿಯುತ್ತದೆ. ಫೆಬ್ರವರಿ ಕೊನೆಯ ಹೊತ್ತಿಗೆ ಈ ಗಾಳಿಯ ಪಟ್ಟು ಸಡಿಲಗೊಂಡಿರುತ್ತದೆ, ಆದರೆ ಬಿಟ್ಟು ಹೋಗಿರುವುದಿಲ್ಲ. ಒಂದೇ ದಿನದಲ್ಲಿ ಬಿಸಿಲು, ಸೋನೆ, ಆಲಿಕಲ್ಲು, ಹಿಮ ಎಲ್ಲವೂ ಬಂದು ಹೋಗಬಹುದು. ಮಧ್ಯಾಹ್ನದ ಬುತ್ತಿ ಮರೆತರೂ ಕೊಡೆ ಮರೆಯಬೇಡ ಎಂಬ ಗಾದೆ ಆ ಕಡೆಯದು. ಬಂದರಿನ ಕಟ್ಟೆಯ ಮೇಲೆ ಮಾತ್ರ ಕೊಡೆ ನಿಲ್ಲುವುದಿಲ್ಲ. ಟೋಪಿ ಇರುವ, ನೀರು ಹಿಡಿಯದ ಕೋಟು ಬೇಕು.

ಇನ್ನು ಬೂಟು. ಹಿಮ ಕಟ್ಟದಂತೆ ರಸ್ತೆಯ ನಡುವೆ ಕೊಳವೆ ಹೂತು, ಸಣ್ಣ ತೂತುಗಳಿಂದ ಅಂತರ್ಜಲವನ್ನು ಚಿಮ್ಮಿಸುತ್ತಾರೆ. ವಾಹನಗಳಿಗೆ ಅನುಕೂಲ, ನಡೆದು ಹೋಗುವವರಿಗೆ ಕಾಲಡಿಯಲ್ಲಿ ಮಂಜುನೀರಿನ ಕೆಸರು. ಬಟ್ಟೆಯ ಬೂಟು ಹತ್ತು ನಿಮಿಷದಲ್ಲಿ ಒದ್ದೆಯಾಗುತ್ತದೆ, ಮತ್ತೆ ರಾತ್ರಿಯವರೆಗೂ ಒಣಗುವುದಿಲ್ಲ. ಹಿಮಾಲಯಕ್ಕೆ ಹೋಗುವವರಂತೆ ದಪ್ಪ ಜಾಕೆಟ್ ಹೇರಿಕೊಳ್ಳಬೇಕಿಲ್ಲ. ಇಲ್ಲಿಯದು ಒದ್ದೆ ಚಳಿ, ಪಾದ ಒಣಗಿದ್ದರೆ ಅರ್ಧ ಗೆದ್ದಂತೆ.

2. ಕಿನೊಸಾಕಿಯ ಆಚೆಗೆ ಹಳಿಯೇ ಬೇರೆ.

ಕ್ಯೋತೊ ಅಥವಾ ಶಿನ್-ಒಸಾಕಾದಿಂದ ಎಕ್ಸ್‌ಪ್ರೆಸ್ ರೈಲು ಬಿಸಿನೀರ ಬುಗ್ಗೆಗಳ ಊರಾದ ಕಿನೊಸಾಕಿ ಆನ್ಸೆನ್‌ಗೆ ಮೂರು ಗಂಟೆಯೊಳಗೆ ಮುಟ್ಟಿಸುತ್ತದೆ. ಅಲ್ಲಿಗೆ ವಿದ್ಯುತ್ ಹಳಿ ಮುಗಿಯಿತು. ಪಶ್ಚಿಮಕ್ಕೆ ಹೋಗಲು ಡೀಸೆಲ್ ಬಂಡಿಗಳು. ಸ್ಥಳೀಯ ಬಂಡಿ ಒಂದು ತಪ್ಪಿದರೆ ಮುಂದಿನದಕ್ಕೆ ಒಂದು ಗಂಟೆ, ಕೆಲವೊಮ್ಮೆ ಎರಡು ಗಂಟೆ ಕಾಯಬೇಕು. ಗಾಳಿ ಜೋರಾದರೆ ಬಂಡಿಯೇ ನಿಲ್ಲುತ್ತದೆ. ಆದ್ದರಿಂದ ಊರಿಗೆ ಮರಳುವ ವಿಮಾನದ ಹಿಂದಿನ ರಾತ್ರಿ ಒಸಾಕಾದಲ್ಲೋ ಕ್ಯೋತೊದಲ್ಲೋ ಇರಿ. ಈ ಮಾತಿನಲ್ಲಿ ನಾನು ಯಾರ ಜೊತೆಗೂ ರಾಜಿಯಾಗುವುದಿಲ್ಲ.

3. ಅಮಾರುಬೆಯಲ್ಲಿ ಇಳಿಯಿರಿ.

ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ ಒಂದು ಸಣ್ಣ ಮೀನುಗಾರರ ಊರು. ಅದರ ನೆತ್ತಿಯ ಮೇಲೆ, 41 ಮೀಟರ್ ಎತ್ತರದಲ್ಲಿ ರೈಲು ಸೇತುವೆ. 1912ರಲ್ಲಿ ಉಕ್ಕಿನ ಕಂಬಗಳ ಮೇಲೆ ಈ ಸೇತುವೆ ಎದ್ದಾಗ ಊರಿಗೆ ನಿಲ್ದಾಣ ಸಿಗಲಿಲ್ಲ. ಜನ ಸೇತುವೆ ಹತ್ತಿ, ಸುರಂಗಗಳೊಳಗೆ ಹಳಿಯನ್ನೇ ಹಿಡಿದು ಪಕ್ಕದ ಯೊರೊಇ ನಿಲ್ದಾಣಕ್ಕೆ ನಡೆಯುತ್ತಿದ್ದರು. ಕೊನೆಗೆ 1959ರಲ್ಲಿ ನಿಲ್ದಾಣ ಬಂತು. ಅದನ್ನು ಕಟ್ಟಲು ಶಾಲೆಯ ಮಕ್ಕಳು ಕಡಲ ದಂಡೆಯಿಂದ ಗುಡ್ಡದ ಮೇಲಕ್ಕೆ ಕಲ್ಲು ಹೊತ್ತರು. ಮೇಲೆ ನಿಂತು ಕೆಳಗಿನ ದಂಡೆಯನ್ನು ನೋಡಿದರೆ ಆ ಮಕ್ಕಳ ಏರುದಾರಿಯ ಅಂದಾಜು ಸಿಗುತ್ತದೆ. ಬರಿಗೈಯಲ್ಲಿ ಹತ್ತಿದರೂ ಏದುಸಿರು ಬರುವ ದಾರಿ ಅದು.

1986ರ ಡಿಸೆಂಬರ್ 28ರಂದು ಪ್ರಯಾಣಿಕರಿಲ್ಲದ ರೈಲೊಂದರ ಬೋಗಿಗಳನ್ನು ಗಾಳಿ ಸೇತುವೆಯಿಂದ ಕೆಳಗೆ ಉರುಳಿಸಿತು. ಕೆಳಗಿದ್ದದ್ದು ಏಡಿ ಸಂಸ್ಕರಿಸುವ ಕಾರ್ಖಾನೆ. ಅಲ್ಲಿ ದುಡಿಯುತ್ತಿದ್ದ ಐವರು ಹೆಂಗಸರು ಮತ್ತು ರೈಲಿನ ಕಂಡಕ್ಟರ್ ಸತ್ತರು. ಸೇತುವೆಯ ಬುಡದಲ್ಲಿ ಅವರ ನೆನಪಿಗೆ ಕರುಣೆಯ ಬೋಧಿಸತ್ವ ಕಾನ್ನೊನ್‌ನ ಮೂರ್ತಿ ಇದೆ. 2010ರ ಆಗಸ್ಟ್‌ನಿಂದ ರೈಲು ಓಡುತ್ತಿರುವುದು ಕಾಂಕ್ರೀಟಿನ ಹೊಸ ಸೇತುವೆಯ ಮೇಲೆ, ಅದಕ್ಕೆ ಗಾಳಿ ತಡೆಯುವ ಪಾರದರ್ಶಕ ಗೋಡೆಗಳಿವೆ. ಹಳೆಯ ಉಕ್ಕಿನ ಕಂಬಗಳಲ್ಲಿ ಮೂರನ್ನು ಉಳಿಸಿಕೊಂಡು ಅವುಗಳ ಮೇಲೆ ನೋಟದ ಕಟ್ಟೆ ಮಾಡಿದ್ದಾರೆ. 2017ರಲ್ಲಿ ಲಿಫ್ಟ್ ಕೂಡ ಬಂದಿರುವುದರಿಂದ ವಯಸ್ಸಾದವರೂ ಹೋಗಬಹುದು. ಗಾಳಿಗೆ ರೈಲು ನಿಂತಿದೆಯೆಂದು ನಿಲ್ದಾಣದಲ್ಲಿ ಬೇಸರಪಡುವವರಿಗೆ ನಾನು ಈ ಕಥೆ ಹೇಳುತ್ತೇನೆ.

4. ಏಡಿ ತಿನ್ನುವವರು ದಿನಾಂಕ ಮತ್ತು ಪಟ್ಟಿ ನೋಡಬೇಕು.

ಇಲ್ಲಿನ ಚಳಿಗಾಲವೆಂದರೆ ಮಾತ್ಸುಬಾ ಏಡಿ. ಉದ್ದ ಕಾಲಿನ ಹಿಮ ಏಡಿಯ ಗಂಡಿಗೆ ಈ ಭಾಗದಲ್ಲಿ ಇರುವ ಹೆಸರು ಅದು. ಗಂಡು ಏಡಿ ಹಿಡಿಯಲು ನವೆಂಬರ್ 6ರಿಂದ ಮಾರ್ಚ್ 20ರವರೆಗೆ ಮಾತ್ರ ಅವಕಾಶ. ಮೊಟ್ಟೆ ಹೊತ್ತ ಪುಟ್ಟ ಹೆಣ್ಣು ಏಡಿಯ ಗಡುವು ವರ್ಷದ ಕೊನೆಗೇ ಮುಗಿದಿರುತ್ತದೆ. ಹಾಗಾಗಿ ಫೆಬ್ರವರಿಯಲ್ಲಿ ಯಾರಾದರೂ ಹೆಣ್ಣು ಏಡಿ ಬಡಿಸಿದರೆ ಅದು ಶೀತಲಗೃಹದಿಂದ ಬಂದದ್ದು.

ಬಂದರಿನ ಏಡಿಯ ಕಾಲಿಗೆ ಪ್ಲಾಸ್ಟಿಕ್ ಪಟ್ಟಿ ಕಟ್ಟಿರುತ್ತಾರೆ. ಒಂದೊಂದು ಬಂದರಿಗೆ ಒಂದೊಂದು ಬಣ್ಣ, ಜೊತೆಗೆ ಬಂದರಿನ ಹೆಸರು, ಎಷ್ಟೋ ಸಲ ಹಿಡಿದ ದೋಣಿಯ ಹೆಸರೂ ಇರುತ್ತದೆ. ಅಂಗಡಿಯಲ್ಲಿ ನಾನು ಮೊದಲು ನೋಡುವುದು ಅದನ್ನು. ಆಮೇಲೆ ಚಿಪ್ಪಿನ ಮೇಲಿನ ಕರಿಚುಕ್ಕೆಗಳನ್ನು. ಮೆಣಸಿನ ಕಾಳಿನಂತೆ ಕಾಣುವ ಅವು ಒಂದು ಬಗೆಯ ಜಿಗಣೆಯ ಮೊಟ್ಟೆಗಳು. ಹೊಸಬರು ಹೇಸಿಗೆಪಟ್ಟುಕೊಂಡು ಆ ಏಡಿಯನ್ನು ಬದಿಗಿಡುತ್ತಾರೆ, ಊರಿನವರು ಅದನ್ನೇ ಆರಿಸುತ್ತಾರೆ. ಚುಕ್ಕೆ ಹೆಚ್ಚಿದ್ದರೆ ಪೊರೆ ಕಳಚಿ ಬಹಳ ಕಾಲವಾಗಿದೆ, ಮಾಂಸ ತುಂಬಿದೆ ಎಂಬುದು ಅವರ ಲೆಕ್ಕ.

ದುಡ್ಡಿನ ಲೆಕ್ಕ ಹಾಕುವವರಿಗೆ ಕಾಸುಮಿ ಬಂದರಿನ ಕೆಂಪು ಏಡಿ ಇದೆ. ಇನ್ನೂ ಆಳದ ನೀರಿನಲ್ಲಿ ಬುಟ್ಟಿಬಲೆ ಇಳಿಸಿ ಹಿಡಿಯುವ ಇದರ ಮಾಂಸ ಹೆಚ್ಚು ನೀರಾಗಿರುತ್ತದೆ, ಸಿಹಿಯಾಗಿರುತ್ತದೆ. ಬೆಲೆಯೂ ಬಹಳ ಕಡಿಮೆ. ಮಾತ್ಸುಬಾಗೆ ಸುರಿದ ದುಡ್ಡಿಗಿಂತ ಇದಕ್ಕೆ ಕೊಟ್ಟ ದುಡ್ಡಿನಲ್ಲೇ ನನಗೆ ಹೆಚ್ಚು ತೃಪ್ತಿ. ಶನಿವಾರ-ಭಾನುವಾರ ಒಸಾಕಾ, ಕೋಬೆಯ ಜನ ವಸತಿಗೃಹಗಳನ್ನು ತುಂಬಿಬಿಡುತ್ತಾರೆ. ವಾರದ ದಿನ ಹೋಗಿ.

5. ಸಸ್ಯಾಹಾರಿಗಳು ಊಟದ ಮಾತನ್ನು ಕೋಣೆ ಕಾಯ್ದಿರಿಸುವಾಗಲೇ ಮುಗಿಸಬೇಕು.

ಮೀನು, ಏಡಿ ಬೇಡ ಎಂದರೆ ತಟ್ಟೆಯಿಂದ ಅವು ಹೋಗುತ್ತವೆ, ಸಾರಿನಿಂದ ಹೋಗುವುದಿಲ್ಲ. ಮಿಸೊ ಸಾರು, ಬೇಯಿಸಿದ ಮೂಲಂಗಿ, ತೋಫುವಿನ ರಸ, ಮೊಟ್ಟೆಯ ಪದಾರ್ಥ, ಎಲ್ಲಕ್ಕೂ ಒಣ ಬೊನಿಟೊ ಮೀನಿನ ತಿಳಿಸಾರೇ ಬುನಾದಿ. ಅದರ ಬದಲು ಕೊಂಬು ಎಂಬ ಕಡಲಪಾಚಿಯ ಸಾರು ಬಳಸುವುದು ಜಪಾನಿ ಅಡುಗೆಯಲ್ಲಿ ಇದ್ದದ್ದೇ, ದೇವಾಲಯಗಳ ಸಾತ್ವಿಕ ಅಡುಗೆ ನಿಂತಿರುವುದೇ ಅದರ ಮೇಲೆ. ಆದರೆ ಏಡಿಯ ಸುಗ್ಗಿಯಲ್ಲಿ ಸಣ್ಣ ವಸತಿಗೃಹದ ಅಡುಗೆಮನೆಗೆ ಅದನ್ನು ಸಂಜೆ ಆರು ಗಂಟೆಗೆ ಹೇಳಿದರೆ ಆಗದು. ಒಂದು ವಾರ ಮೊದಲೇ ಬರವಣಿಗೆಯಲ್ಲಿ ತಿಳಿಸಿ: ಮಾಂಸ, ಮೀನು, ಮೀನಿನ ಸಾರು ಬೇಡ, ಹಾಲು ಆಗುತ್ತದೆ, ಮೊಟ್ಟೆ ಆಗುತ್ತದೆ ಅಥವಾ ಇಲ್ಲ. ಆಗುವುದಿಲ್ಲ ಎಂದು ಅವರು ಹೇಳಿದರೆ ಬೇಸರಪಡಬೇಡಿ, ಊಟವಿಲ್ಲದ ದರಕ್ಕೆ ಕೋಣೆ ಕೇಳಿ. ಕೋಬೆಯ ಭಾರತೀಯ ಅಂಗಡಿಗಳಲ್ಲಿ ಅವಲಕ್ಕಿ, ಉಪ್ಪಿನಕಾಯಿ ಕೊಂಡು ಹೊರಡುವ ನಮ್ಮ ಕಡೆಯ ಅಮ್ಮಂದಿರು ನನ್ನ ಮಟ್ಟಿಗೆ ಅತ್ಯಂತ ಜಾಣ ಪ್ರವಾಸಿಗರು.

ಎರಡು ಊರುಗಳು ನೆನಪಿರಲಿ. ಇಜುಶಿಯಲ್ಲಿ ಸೊಬಾ ಶಾವಿಗೆಯನ್ನು ಐದು ಪುಟ್ಟ ತಟ್ಟೆಗಳಲ್ಲಿ ತಂದಿಡುತ್ತಾರೆ. 1706ರಲ್ಲಿ ಶಿನ್ಶು ಸೀಮೆಯಿಂದ ವರ್ಗವಾಗಿ ಬಂದ ಸೆನ್ಗೊಕು ಮನೆತನದ ದೊರೆಯ ಜೊತೆ ಬಂದ ಪದ್ಧತಿ ಎನ್ನುತ್ತಾರೆ. ಅದ್ದಿಕೊಳ್ಳುವ ಸಾರಿನಲ್ಲಿ ಮೀನಿರುವುದರಿಂದ ನಾವು ಬರೀ ಸೋಯಾ ಸಾಸ್, ವಸಾಬಿ, ತುರಿದ ಗೆಣಸಿನಂಥ ಕಾಡುಗಡ್ಡೆ ಹಾಕಿಕೊಂಡು ತಿನ್ನುತ್ತೇವೆ, ರುಚಿಗೆ ಕೊರತೆಯಿಲ್ಲ. ಇನ್ನೊಂದು ಯುಮುರಾ. ಅಲ್ಲಿನ ಬುಗ್ಗೆಯ ನೀರು 98 ಡಿಗ್ರಿ. ನದಿಯ ಪಕ್ಕದ ಕಲ್ಲಿನ ತೊಟ್ಟಿಯಲ್ಲಿ ಜನ ಬಲೆಚೀಲ ಇಳಿಬಿಟ್ಟು ಮೊಟ್ಟೆ, ಗೆಣಸು, ಸೊಪ್ಪು ಬೇಯಿಸಿಕೊಳ್ಳುತ್ತಾರೆ. ಹಿಮ ಬೀಳುವಾಗ ನಿಂತು ಸುಲಿದು ತಿನ್ನುವ ಬಿಸಿ ಗೆಣಸಿಗೆ ಉಪ್ಪೊಂದಿದ್ದರೆ ಸಾಕು.

6. ಕಿನೊಸಾಕಿಯಲ್ಲಿ ನಾಚಿಕೆ ಬಿಡಲು ಒಂದು ಸಂಜೆ ಕೊಡಿ.

ಊರಿನಲ್ಲಿ ಏಳು ಸಾರ್ವಜನಿಕ ಸ್ನಾನದ ಮನೆಗಳ ಪರಂಪರೆ. ವಸತಿಗೃಹದಲ್ಲಿ ಉಳಿದವರಿಗೆ ಅಲ್ಲೆಲ್ಲ ಓಡಾಡಲು ಪಾಸು ಕೊಡುತ್ತಾರೆ. ಒಂದೊಂದು ಮನೆಗೆ ವಾರದಲ್ಲಿ ಒಂದೊಂದು ದಿನ ರಜೆ, ಮೊದಲೇ ಕೇಳಿಕೊಳ್ಳಿ. ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ಕೊಳ. ಒಳಗೆ ಬಟ್ಟೆಯಿಲ್ಲ. ಮೊದಲು ಕುಳಿತು ಸೋಪು ಹಚ್ಚಿ ಮೈ ಪೂರಾ ತೊಳೆದುಕೊಂಡ ಮೇಲೆ ಕೊಳ. ಕೈವಸ್ತ್ರ ನೀರಿಗೆ ತಾಗಬಾರದು. ಬೇರೆ ಹಲವೆಡೆ ಹಚ್ಚೆ ಇದ್ದವರನ್ನು ತಡೆಯುತ್ತಾರೆ, ಇಲ್ಲಿ ತಡೆಯುವುದಿಲ್ಲ. ಮುಂಗೈಯಲ್ಲಿ ಹಸಿರು ಹಚ್ಚೆ ಇರುವ ನಮ್ಮ ಅಜ್ಜಿಯರಿಗೂ ಅಡ್ಡಿಯಿಲ್ಲ. ತೀರಾ ಮುಜುಗರವಾದರೆ ಗಂಟೆಯ ಲೆಕ್ಕದಲ್ಲಿ ಮನೆಯವರಿಗಷ್ಟೇ ಸಿಗುವ ಕೊಳವಿರುವ ವಸತಿಗೃಹ ಹುಡುಕಿ. ಯುಕಾತಾ ಎಂಬ ಹತ್ತಿಯ ನಿಲುವಂಗಿ ಉಡುವಾಗ ಎಡ ಮಗ್ಗುಲು ಮೇಲೆ ಬರಲಿ. ಬಲ ಮಗ್ಗುಲು ಮೇಲೆ ಬರುವುದು ಹೆಣಕ್ಕೆ ಉಡಿಸುವಾಗ.

ಬಿಸಿನೀರಿನಿಂದ ಎದ್ದು ಹೋಗುವ ದಾರಿಯಲ್ಲಿ ಓತಾನಿ ಹೊಳೆಯ ದಂಡೆಗೋಡೆಯನ್ನು ನೋಡಿ. ಕೆಲವು ಕಲ್ಲುಗಳ ತುದಿ ಆರು ಮೂಲೆಯದು. 1925ರ ಮೇ 23ರ ಭೂಕಂಪ, ಬೆಂಕಿಗಳಲ್ಲಿ ಊರು ನಾಶವಾಯಿತು. ಆಗ ಸಮೀಪದ ಗೆನ್‌ಬುದೊ ಗುಹೆಯಿಂದ ಕುಸಿದುಬಿದ್ದ ಕಂಬಗಲ್ಲುಗಳನ್ನು ತಂದು ದಂಡೆ ಕಟ್ಟಿದರು.

7. ಗೆನ್‌ಬುದೊಗೆ ಅರ್ಧ ದಿನ ಇಡಿ.

ಸುಮಾರು 16 ಲಕ್ಷ ವರ್ಷ ಹಿಂದಿನ ಲಾವಾ ತಣಿದು ಸೀಳಿ ಆದ ಬಸಾಲ್ಟ್ ಕಂಬಗಳು. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪ ನೋಡಿದವರಿಗೆ ಆಕಾರ ಗುರುತು ಸಿಗುತ್ತದೆ, ಆದರೆ ನಮ್ಮ ಆ ಕಂಬಗಳು ಸುಮಾರು 8.8 ಕೋಟಿ ವರ್ಷ ಹಳೆಯವು, ಕಲ್ಲೂ ಬೇರೆ. ಗೆನ್‌ಬುದೊದ ಹಿರಿಮೆ ಬೇರೆಯೇ. 1926ರಲ್ಲಿ ಮಾತುಯಾಮಾ ಮೊತೊನೊರಿ ಎಂಬ ಭೂವಿಜ್ಞಾನಿ ಈ ಕಲ್ಲಿನ ಕಾಂತತೆ ಇಂದಿನ ದಿಕ್ಕಿಗೆ ತಿರುಗುಮುರುಗಾಗಿರುವುದನ್ನು ಕಂಡರು. ಭೂಮಿಯ ಕಾಂತಧ್ರುವಗಳು ಒಂದು ಕಾಲದಲ್ಲಿ ಅದಲುಬದಲಾಗಿದ್ದವು ಎಂಬ ಅವರ ಮಾತನ್ನು ಲೋಕ ಒಪ್ಪಲು ದಶಕಗಳೇ ಬೇಕಾದವು. ಇಂದು ಆ ಕಾಂತಯುಗಕ್ಕೆ ಅವರದೇ ಹೆಸರು.

8. ತೊಯೊಓಕಾದ ಗದ್ದೆಗಳಲ್ಲಿ ನೀರು ಏಕೆ ನಿಂತಿದೆ ಎಂದು ಕೇಳಿ.

ಫೆಬ್ರವರಿಯಲ್ಲಿ ಬೆಳೆಯಿಲ್ಲ, ಆದರೂ ಕೆಲವು ಗದ್ದೆಗಳಲ್ಲಿ ನೀರು ಕಟ್ಟಿರುತ್ತಾರೆ. ಅದು ಕೊಕ್ಕರೆಗಾಗಿ. ಜಪಾನಿನ ಕೊನೆಯ ಕಾಡು ಕೋನೊತೊರಿ ಕೊಕ್ಕರೆ 1971ರಲ್ಲಿ ಸತ್ತದ್ದು ಇಲ್ಲಿಯೇ. ಕೀಟನಾಶಕ, ಒಣಗಿಸಿದ ಜವುಗು, ಕಡಿದ ಮರ, ಎಲ್ಲವೂ ಸೇರಿ ಅದನ್ನು ಮುಗಿಸಿದ್ದವು. 1985ರಲ್ಲಿ ಸೋವಿಯತ್ ಒಕ್ಕೂಟದ ಖಬರೋವ್ಸ್ಕ್‌ನಿಂದ ಆರು ಮರಿಗಳನ್ನು ತಂದರು. 1989ರಲ್ಲಿ ಅವು ಮರಿ ಮಾಡಿದವು. 2005ರ ಸೆಪ್ಟೆಂಬರ್‌ನಲ್ಲಿ ಮೊದಲ ಹಕ್ಕಿಗಳನ್ನು ಬಾನಿಗೆ ಬಿಟ್ಟರು. ರೈತರು ವಿಷ ಕಡಿಮೆ ಮಾಡಿ, ಕಪ್ಪೆ, ಹುಳ, ಸಣ್ಣ ಮೀನು ಉಳಿಯುವಂತೆ ಚಳಿಗಾಲದಲ್ಲೂ ನೀರು ನಿಲ್ಲಿಸುತ್ತಾರೆ. ಆ ಗದ್ದೆಯ ಅಕ್ಕಿ ಕೊಕ್ಕರೆಯ ಹೆಸರಿನಲ್ಲೇ ಮಾರಾಟವಾಗುತ್ತದೆ. ಮಾಗಿಯ ಕೊನೆ ಗೂಡು ಕಟ್ಟುವ ಕಾಲ. ದೊಡ್ಡ ಹಕ್ಕಿಗೆ ಕೂಗಲು ದನಿಯಿಲ್ಲ, ಕತ್ತನ್ನು ಹಿಂದಕ್ಕೆ ಬಾಗಿಸಿ ಕಪ್ಪು ಕೊಕ್ಕನ್ನು ಟಕಟಕನೆ ಬಡಿಯುತ್ತದೆ. ಜೋಡಿಯ ಇನ್ನೊಂದು ಹಕ್ಕಿ ಅದೇ ರೀತಿ ಉತ್ತರ ಕೊಡುತ್ತದೆ. ಗದ್ದೆಯ ಬದುವಿಗೆ ಇಳಿಯಬೇಡಿ, ರಸ್ತೆಯಿಂದಲೇ ನೋಡಿ.

9. ಎತ್ತರದ ದಾರಿ ಯಾವುದೆಂದು ನೋಡಿಟ್ಟುಕೊಳ್ಳಿ.

2024ರ ಜನವರಿ 1ರಂದು ನೋಟೊ ಪರ್ಯಾಯದ್ವೀಪದಲ್ಲಿ 7.6 ತೀವ್ರತೆಯ ಭೂಕಂಪವಾದಾಗ ದೂರದ ಈ ತೀರಕ್ಕೂ ಸುನಾಮಿ ಎಚ್ಚರಿಕೆ ಬಂದಿತ್ತು. ಬಂದರಿನ ಊರಲ್ಲಿ ಕೋಣೆ ಹಿಡಿದ ಕೂಡಲೇ ಗುಡ್ಡಕ್ಕೆ ಹತ್ತುವ ದಾರಿ ಎಲ್ಲಿದೆ ಎಂದು ಕೇಳಿ.

10. ಮುಚ್ಚಿರುವುದರ ಪಟ್ಟಿ ಮಾಡಿಕೊಂಡು ವಾರ ಆರಿಸಿ.

ನೆರೆಯ ತೊತ್ತೊರಿ ಪ್ರಾಂತ್ಯದ ಮರಳುದಿಬ್ಬಗಳಿಗೆ ಬಾಗಿಲಿಲ್ಲ, ಹಿಮ ಹೊದ್ದ ಮರಳಿನ ಮೇಲೆ ನಡೆಯುವುದು ಈ ಕಾಲಕ್ಕೇ ಮೀಸಲು. ಪಕ್ಕದ ಮರಳುಶಿಲ್ಪದ ಸಂಗ್ರಹಾಲಯ ಮಾತ್ರ ಹೊಸ ಶಿಲ್ಪಗಳ ಕೆಲಸಕ್ಕಾಗಿ ಸಾಮಾನ್ಯವಾಗಿ ಜನವರಿಯಿಂದ ಏಪ್ರಿಲ್‌ವರೆಗೆ ಮುಚ್ಚಿರುತ್ತದೆ. ಉರಾದೊಮೆಯ ಬಂಡೆದ್ವೀಪಗಳನ್ನು ಸುತ್ತಿಸುವ ದೋಣಿಗಳು ಮಾರ್ಚ್‌ನಲ್ಲಿ ಶುರು, ಅದೂ ಅಲೆ ಇಳಿದಿದ್ದರೆ. ಹಿಮವೇ ಬೇಕೆಂದರೆ ಫೆಬ್ರವರಿ ಮೂರನೆಯ ವಾರ. ಏಡಿಯೂ ಬೇಕು, ದೋಣಿಯೂ ಬೇಕು, ಗೂಡಿನ ಹಕ್ಕಿಯೂ ಬೇಕು ಎನ್ನುವವರಿಗೆ ನಾನು ಮಾರ್ಚ್ ಮೊದಲೆರಡು ವಾರ ಹೇಳುತ್ತೇನೆ. ಮಾರ್ಚ್ 20 ದಾಟಿದರೆ ತಾಜಿಮಾದ ಹಾಮಾಸಾಕಾ ಬಂದರಿನ ದೋಣಿಗಳು ಹೆಚ್ಚಾಗಿ ಮಿಣುಕು ಸ್ಕ್ವಿಡ್‌ನ ಬೇಟೆಗೆ ತಿರುಗಿರುತ್ತವೆ. ಏಡಿಯ ಜನಸಂದಣಿ ಕರಗುತ್ತದೆ, ಕೋಣೆಯ ದರವೂ ಇಳಿಯುತ್ತದೆ. ಸಸ್ಯಾಹಾರಿ ಕುಟುಂಬಕ್ಕೆ ಅದೇ ಒಳ್ಳೆಯದು: ಅಡುಗೆಯವರಿಗೆ ಆಗ ನಿಮ್ಮ ಮಾತು ಕೇಳಲು ಪುರುಸೊತ್ತಿರುತ್ತದೆ.