ತುದಿ ನೋಡಿ ಬಿಟ್ ಆರಿಸಿ

ಡ್ರಿಲ್ ಯಂತ್ರ ಕೊಳ್ಳುವಾಗ ವಾಟ್ ಎಷ್ಟು, ಕಂಪನಿ ಯಾವುದು ಎಂದು ಹತ್ತು ಕಡೆ ವಿಚಾರಿಸುತ್ತೇವೆ. ಆದರೆ ಕೊರೆಯುವುದು ಬಿಟ್‌ನ ತುದಿ. ಅದು ತಪ್ಪಾದರೆ ಎಂಥ ಯಂತ್ರವಿದ್ದೂ ಪ್ರಯೋಜನವಿಲ್ಲ.

ಡಬ್ಬಿಯಲ್ಲಿರುವ ಬಿಟ್‌ಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿಯಿರಿ. ತುದಿಯಲ್ಲಿ ಬೇರೆ ಲೋಹದ ಪುಟ್ಟ ಚೂರು ಬೆಸೆದು ಕೂರಿಸಿದ್ದು, ಅದು ಕಾಂಡಕ್ಕಿಂತ ಕೊಂಚ ಅಗಲವಾಗಿದ್ದರೆ ಮೇಸನ್ರಿ ಬಿಟ್. ಆ ಚೂರು ಟಂಗ್‌ಸ್ಟನ್ ಕಾರ್ಬೈಡ್. ಇಟ್ಟಿಗೆ, ಕಾಂಕ್ರೀಟಿಗೆ ಅದೇ ಬೇಕು. ತುದಿಯವರೆಗೂ ಒಂದೇ ಉಕ್ಕಾಗಿ, ಅಂಚು ಹರಿತವಾಗಿದ್ದರೆ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್): ಲೋಹಕ್ಕೆ, ಬೇಕಾದರೆ ಮರಕ್ಕೂ. ನಡುವೆ ಸೂಜಿಯಂಥ ಮೊನೆ ಇದ್ದರೆ ಮರಕ್ಕೆ. ಈಟಿಯಂತೆ ಚಪ್ಪಟೆಯಾದದ್ದು ಗಾಜು, ಸೆರಾಮಿಕ್ ಟೈಲ್ಸಿಗೆ. ವಿಟ್ರಿಫೈಡ್ ಟೈಲ್ಸ್ ಇನ್ನೂ ಗಟ್ಟಿ, ಅದಕ್ಕೆ ಡೈಮಂಡ್ ಬಿಟ್ಟೇ ಸರಿ.

ಗೋಡೆ ಕೊರೆಯುವ ಮೊದಲು ಸ್ವಿಚ್ ಬೋರ್ಡ್ ಎಲ್ಲಿದೆ, ನಲ್ಲಿ ಎಲ್ಲಿದೆ ನೋಡಿ. ವೈರು, ಪೈಪು ಸಾಮಾನ್ಯವಾಗಿ ಅವುಗಳ ನೇರಕ್ಕೆ ಮೇಲೆ, ಕೆಳಗೆ ಹೋಗಿರುತ್ತವೆ. ಆ ಪಟ್ಟಿಯನ್ನು ಬಿಟ್ಟುಬಿಡಿ. 6 ಮಿ.ಮೀ. ಪ್ಲಗ್‌ಗೆ 6 ಮಿ.ಮೀ. ಬಿಟ್. ಪ್ಲಗ್‌ನ ಉದ್ದಕ್ಕಿಂತ ಅರ್ಧ ಸೆಂ.ಮೀ. ಹೆಚ್ಚು ಆಳ ಬೇಕು. ಬಿಟ್‌ಗೆ ಅಷ್ಟು ದೂರದಲ್ಲಿ ಟೇಪ್ ಸುತ್ತಿಕೊಂಡರೆ ಅಳತೆ ತಪ್ಪದು. ಆರಂಭ ನಿಧಾನ, ಆಮೇಲೆ ಹ್ಯಾಮರ್ ಮೋಡ್. ಉದುರುವ ಪುಡಿಯನ್ನು ಗಮನಿಸಿ: ಗಾರೆಯ ಪುಡಿ ಮುಗಿದು ಕೆಂಪು ಪುಡಿ ಬಂದರೆ ಇಟ್ಟಿಗೆ ಸಿಕ್ಕಿತು. ಕರಾವಳಿಯ ಮುರಕಲ್ಲಿನ ಗೋಡೆಯೂ ಕೆಂಪೇ, ಆದರೆ ಬಲು ಮೆದು. ಹ್ಯಾಮರ್ ಹಾಕಿದರೆ ತೂತು ಅಗಲವಾಗಿ ಪ್ಲಗ್ ನಿಲ್ಲುವುದಿಲ್ಲ. ಕಾಂಕ್ರೀಟಿನಲ್ಲಿ ಬಿಟ್ ಥಟ್ಟನೆ ನಿಂತು ಮುಂದೆ ಹೋಗದಿದ್ದರೆ ಕಬ್ಬಿಣ ತಗುಲಿರಬಹುದು. ಬಲ ಹಾಕಬೇಡಿ, ಜಾಗ ಬದಲಿಸಿ.

ಟೈಲ್ಸ್ ಮೇಲೆ ಹ್ಯಾಮರ್ ಖಂಡಿತ ಬೇಡ, ಬಿರುಕು ಬಿಡುತ್ತದೆ. ಗುರುತಿನ ಮೇಲೆ ಟೇಪ್ ಅಂಟಿಸಿದರೆ ತುದಿ ಜಾರದು. ಮೇಲ್ಮೈ ದಾಟಿದ ಮೇಲೆ ಗೋಡೆಗೆ ಮೇಸನ್ರಿ ಬಿಟ್ ಹಾಕಿ.

ಲೋಹಕ್ಕೆ ಮೊದಲು ಸೆಂಟರ್ ಪಂಚಿನಿಂದ ಚುಕ್ಕೆ ಹೊಡೆಯಿರಿ. ಬಿಟ್ ದಪ್ಪವಾದಷ್ಟೂ ವೇಗ ಇಳಿಯಬೇಕು: ಸಾಮಾನ್ಯ ಉಕ್ಕಿಗೆ 3 ಮಿ.ಮೀ. ಬಿಟ್ ನಿಮಿಷಕ್ಕೆ ಸುಮಾರು 2,500 ಸುತ್ತು ತಿರುಗಬಹುದು, 10 ಮಿ.ಮೀ.ಗೆ 800 ಸಾಕು. ಎರಡು ಹನಿ ಎಣ್ಣೆ ಬಿಡುತ್ತಿರಿ. ತುದಿ ನೀಲಿ ತಿರುಗಿತೆಂದರೆ ಅತಿಯಾಗಿ ಕಾದಿದೆ ಎಂದರ್ಥ. ಸ್ಟೇನ್‌ಲೆಸ್ ಸ್ಟೀಲಿಗೆ ಕೋಬಾಲ್ಟ್ ಬಿಟ್, ಕಡಿಮೆ ವೇಗ, ಬಿಡದ ಒತ್ತಡ. ಸುಮ್ಮನೆ ಉಜ್ಜುತ್ತಿದ್ದರೆ ಅದು ಮತ್ತಷ್ಟು ಗಟ್ಟಿಯಾಗುತ್ತದೆ.

ಮರದ ಹಿಂಬದಿಗೆ ಹಳೆಯ ಹಲಗೆ ಒತ್ತಿ ಹಿಡಿದರೆ ಆಚೆ ಬದಿ ಸಿಬಿರೇಳದು.

ಕನ್ನಡಕ ಹಾಕಿಯೇ ಕೊರೆಯಿರಿ. ಬಿಟ್ ಬದಲಿಸುವಾಗ ಕರೆಂಟಿನ ಪ್ಲಗ್ ಕಿತ್ತಿರಲಿ, ಚಕ್ ಕೀ ಚಕ್‌ನಲ್ಲೇ ಉಳಿಯದಿರಲಿ. ಸಣ್ಣ ತುಂಡನ್ನು ಕೈಯಲ್ಲಿ ಹಿಡಿಯದೆ ಕ್ಲ್ಯಾಂಪ್ ಮಾಡಿ. ದುಪಟ್ಟಾ, ಸೆರಗು, ಜಡೆ ಬಿಗಿದು ಕಟ್ಟಿಕೊಳ್ಳಿ. ರಕ್ಷಣೆಗೆಂದು ಕೈಗವಸು ತೊಡುವವರಿದ್ದಾರೆ, ದಯವಿಟ್ಟು ಬೇಡ. ತಿರುಗುವ ಬಿಟ್‌ಗೆ ಅದರ ನೂಲು ಸಿಕ್ಕರೆ ಕೈಯನ್ನೂ ಎಳೆದುಕೊಳ್ಳುತ್ತದೆ.