ಬಣ್ಣದ ಖರ್ಚು: ಸೊನ್ನೆ

ಏಪ್ರಿಲ್‌ನಲ್ಲಿ ಶಾಲೆಗೆ ರಜೆ ಬಿಟ್ಟರೆ ನನ್ನಂಥ ಅರೆಕಾಲಿಕ ಡ್ರಾಯಿಂಗ್ ಮಿಸ್‌ಗೆ ಮುಂದಿನ ಗೌರವಧನ ಕೈಗೆ ಬರುವುದು ಜುಲೈನಲ್ಲೇ. ಮನೆ ಕಡೂರಿನಲ್ಲಿ. ಕಡೂರು, ತರೀಕೆರೆ, ಅಜ್ಜಂಪುರ, ಹೀಗೆ ಮೂರು ಊರಿನ ಮೂರು ಶಾಲೆಗಳಲ್ಲಿ ಪಾಠ. 2023ರ ಬೇಸಿಗೆಯಲ್ಲಿ, ಬರಿಗೈಯ ಆ ತಿಂಗಳುಗಳನ್ನು ಹೇಗೆ ದಾಟುವುದು ಅಂತ ವರ್ಷದ ಲೆಕ್ಕದ ಪುಸ್ತಕ ಬಿಚ್ಚಿಕೊಂಡು ಕೂತೆ. ಎಲ್ಲಿ ಪಾಠ ಮಾಡಿದ್ದೆ, ಎಲ್ಲಿ ಮಾಡಿರಲಿಲ್ಲ ಎಂಬುದೂ ಅದರಲ್ಲೇ ಇತ್ತು.

ಕಡೂರಿನ ಶಾಲೆಯಲ್ಲಿ ಪೀರಿಯಡ್‌ಗೆ 150 ರೂಪಾಯಿ, ದಿನಕ್ಕೆ ನಾಲ್ಕು ಪೀರಿಯಡ್. ಅಜ್ಜಂಪುರದಲ್ಲಿ ಪೀರಿಯಡ್‌ಗೆ 200, ವಾರಕ್ಕೊಂದು ದಿನ ಮೂರು ಪೀರಿಯಡ್. ದಿನಕ್ಕೆ ಎರಡೂ ಕಡೆ 600. ಅಜ್ಜಂಪುರದವರು ಧಾರಾಳವಾಗಿ ಕೊಡುತ್ತಾರೆ ಅಂತಲೇ ನಾನು ಇಡೀ ವರ್ಷ ನಂಬಿದ್ದೆ. ಆದರೆ ಕಡೂರಿನಲ್ಲಿ ಮನೆಯಿಂದ ನಡೆದು ಹೋಗಿ ಬಂದು, ತಯಾರಿ, ತಿದ್ದುವುದು ಎಲ್ಲ ಸೇರಿದರೂ ಐದು ತಾಸು. ಅಜ್ಜಂಪುರಕ್ಕೆ ಬೀರೂರಿನಲ್ಲಿ ಬಸ್ಸಿಗೆ ಕಾಯುವುದೂ ಸೇರಿ ಎಂಟು ತಾಸು, ಜೊತೆಗೆ ಟಿಕೆಟ್ಟಿಗೆ 80 ರೂಪಾಯಿ. ಕಡೂರಿನಲ್ಲಿ ತಾಸಿಗೆ 120 ಬಿದ್ದರೆ ಅಜ್ಜಂಪುರದಲ್ಲಿ 65. ಅರೆಕಾಲಿಕ ಕೆಲಸ ಒಪ್ಪಿಕೊಳ್ಳುವ ಮೊದಲು ಪೀರಿಯಡ್‌ನ ದರವನ್ನಲ್ಲ, ಮನೆಯ ಚಿಲಕ ಹಾಕಿದ ಹೊತ್ತಿನಿಂದ ಮತ್ತೆ ತೆಗೆಯುವವರೆಗಿನ ತಾಸುಗಳನ್ನು ಎಣಿಸಬೇಕಿತ್ತು. ನಾನು ಎಣಿಸಿದ್ದು ಒಂದು ವರ್ಷ ತಡವಾಗಿ.

ಪಕ್ಕದಲ್ಲಿ ಇನ್ನೊಂದು ಕಾಲಂ ಇತ್ತು: ಬಣ್ಣ, ಶೀಟು, ಬ್ರಷ್ಷು. ಶಾಲೆ ಕೊಡದಿದ್ದನ್ನು ನಾನೇ ಕೊಂಡು ಬರೆದಿಟ್ಟ ಖರ್ಚು. ಕಡೂರಿನ ಸಾಲಿನಲ್ಲಿ ತಿಂಗಳಿಗೆ ನಾನೂರರ ಆಸುಪಾಸು. ಅಜ್ಜಂಪುರದ ಸಾಲಿನಲ್ಲಿ ಜೂನ್ 340, ಜುಲೈ 210, ಆಗಸ್ಟ್ 90. ಸೆಪ್ಟೆಂಬರ್‌ನಿಂದ ಮಾರ್ಚ್‌ವರೆಗೆ ಸೊನ್ನೆ.

ಉಳಿತಾಯವಾಯಿತು ಎಂದು ಮೊದಲು ಅನ್ನಿಸಿತು. ಆಮೇಲೆ ಆ ತಿಂಗಳುಗಳಲ್ಲಿ ಏನು ಮಾಡಿದೆ ಎಂದು ನೆನೆದುಕೊಂಡೆ. ತುಂಬಿದ ಬಸ್ಸಿನಲ್ಲಿ ಪೋಸ್ಟರ್ ಕಲರ್ ಬಾಟಲಿಗಳ ಚೀಲ ಹೊತ್ತು ನಿಲ್ಲಲಾಗದೆ ಬರಿಗೈಯಲ್ಲಿ ಹೋಗುತ್ತಿದ್ದೆ. ಬೋರ್ಡಿನ ಮೇಲೆ ಎರಡು ಗುಡ್ಡ, ನಡುವೆ ಸೂರ್ಯ, ಒಂದು ಗುಡಿಸಲು, ಒಂದು ತೆಂಗಿನ ಮರ ಬರೆದು ‘ನೋಡಿ ಬರೀರಿ’ ಅನ್ನುತ್ತಿದ್ದೆ. ಮಕ್ಕಳು ಬರೆಯುತ್ತಿದ್ದರು. ಏಳು ತಿಂಗಳು ಅಲ್ಲಿ ನಡೆದದ್ದು ನಕಲು.

ಒಂದು ಸಲ ಮಾತ್ರ ಗುಡಿಸಲ ಪಕ್ಕ ಎತ್ತೊಂದನ್ನು ಬರೆದಿದ್ದೆ, ಚಂದ್ರನ ಹಾಗೆ ಬಾಗಿದ ಎರಡು ಕೊಂಬು ಇಟ್ಟು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. “ಮಿಸ್, ಕೊಂಬು ಹಂಗಿರಲ್ಲ ಮಿಸ್. ಹಿಂದಕ್ಕೆ ಹೋಗಿ ಆಮೇಲೆ ಮೇಲಕ್ಕೆ ಏಳುತ್ತೆ.” ಅವನ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬಾಲ್‌ಪೆನ್ನಿನಲ್ಲಿ ಬರೆದ ಎತ್ತಿತ್ತು. ಬುಡ ಹತ್ತಿರ ಹತ್ತಿರ, ಹಿಂದಕ್ಕೆ ಚಾಚಿ, ತುದಿ ಸೂಜಿಯಂತೆ ಚೂಪಾದ ಕೊಂಬುಗಳು. ಅಮೃತಮಹಲ್ ಎತ್ತು. ಮೈಸೂರು ಅರಸರ ‘ಬೆಣ್ಣೆ ಚಾವಡಿ’ಯಿಂದ ಬಂದ ಆ ತಳಿಗೆ ಈ ಹೆಸರಿಟ್ಟವನು ಟಿಪ್ಪು, ಅದರ ತಳಿ ಸಂವರ್ಧನಾ ಕೇಂದ್ರ ಇರುವುದು ಅಜ್ಜಂಪುರದಲ್ಲೇ. ಆ ಊರಿನ ಮಕ್ಕಳ ಮುಂದೆ ನಾನು ಕ್ಯಾಲೆಂಡರ್‌ನ ಎತ್ತು ಬರೆದಿದ್ದೆ. ‘ಸರಿ, ಕೂತ್ಕೋ’ ಅಂದು ಮುಂದಕ್ಕೆ ಹೋಗಿದ್ದೆ. ಆ ‘ಕೂತ್ಕೋ’ ನೆನಪಾದರೆ ಈಗಲೂ ಸಂಕಟವಾಗುತ್ತದೆ.

ತರೀಕೆರೆಯ ಸಾಲಿನಲ್ಲಿ ಡಿಸೆಂಬರ್‌ನಲ್ಲಿ ಒಂದೇ ದೊಡ್ಡ ಖರ್ಚಿತ್ತು, 650. ಮಕ್ಕಳನ್ನು ಅಮೃತಾಪುರದ ಅಮೃತೇಶ್ವರ ಗುಡಿಗೆ ಕರೆದುಕೊಂಡು ಹೋದ ದಿನ. 1196ರ ಹೊಯ್ಸಳ ಗುಡಿ, ಶಿಲ್ಪಿ ಮಲ್ಲಿತಮ್ಮ ಎಳೆ ವಯಸ್ಸಿನಲ್ಲಿ ಕೆಲಸ ಮಾಡಿದ ಜಾಗ. ಹೊರಗೋಡೆಯಲ್ಲಿ ರಾಮಾಯಣ, ಭಾಗವತ, ಮಹಾಭಾರತದ 140 ಫಲಕಗಳಿವೆ. ಒಬ್ಬೊಬ್ಬರೂ ಒಂದೊಂದನ್ನು ಆರಿಸಿಕೊಂಡು ಅದರ ಮುಂದೆ ಕೂತು ಪೆನ್ಸಿಲ್ಲಿನಲ್ಲಿ ಬರೆದರು. ನನ್ನ ಆ ವರ್ಷದ ಅತ್ಯುತ್ತಮ ಪಾಠ ಅದೇ. 650 ರೂಪಾಯಿ ದಂಡವಾಯಿತು ಎಂದು ಆ ತಿಂಗಳು ಗೊಣಗಿದ್ದೂ ನಾನೇ.

ಜೂನ್‌ನಲ್ಲಿ ಅಜ್ಜಂಪುರದ ಶಾಲೆ ಬಿಡುವುದೇ ಲಾಭ ಎಂದು ಲೆಕ್ಕ ಹೇಳುತ್ತಿತ್ತು. ಬಿಡಲು ಮನಸ್ಸಾಗಲಿಲ್ಲ. ಮುಖ್ಯೋಪಾಧ್ಯಾಯಿನಿಯವರ ಹತ್ತಿರ ಮೂರು ವಿಷಯ ಕೇಳಿದೆ: ಸಾಮಾನಿಡಲು ಬೀಗವಿರುವ ಒಂದು ಬೀರು, ಎರಡು ಪೀರಿಯಡ್ ಜೋಡಿಸಿ ಒಂದೇ ತರಗತಿ, ಪೀರಿಯಡ್‌ಗೆ 50 ರೂಪಾಯಿ ಹೆಚ್ಚು. ಮೊದಲೆರಡು ಸಿಕ್ಕವು, ಹಣ ಸಿಗಲಿಲ್ಲ. ಅದೇ ಜೂನ್ 11ರಂದು ಶಕ್ತಿ ಯೋಜನೆ ಬಂತು. ಸರ್ಕಾರಿ ಬಸ್ಸಿಗೇ ಕಾದು ಹತ್ತಿದರೆ ವಾರಕ್ಕೆ 80 ರೂಪಾಯಿ ಉಳಿಯತೊಡಗಿತು. ಶಾಲೆ ನಡೆಯುವ ಸುಮಾರು 36 ವಾರಕ್ಕೆ 2,880. ಅದನ್ನು ಮನೆ ಖರ್ಚಿಗೆ ಬೆರೆಸದೆ ಬಣ್ಣದ ಕಾಲಂಗೇ ಬರೆದೆ.

ರಜೆಯ ತಿಂಗಳುಗಳಿಗೆ ಮಾಡಿಕೊಂಡ ದಾರಿ ಸರಳ. ಮೂರೂ ಶಾಲೆಯ ದುಡ್ಡು ಒಂದೇ ಖಾತೆಗೆ ಬೀಳುತ್ತದೆ. ವರ್ಷದ ಮೊತ್ತವನ್ನು ಹನ್ನೆರಡರಿಂದ ಭಾಗಿಸಿ, ಅಷ್ಟನ್ನೇ ತಿಂಗಳಿಗೊಮ್ಮೆ ಮನೆಯ ಖಾತೆಗೆ ಹಾಕಿಕೊಳ್ಳುತ್ತೇನೆ. ಮೊದಲು ಅಂಚೆ ಕಚೇರಿಯಲ್ಲಿ ಆರ್‌ಡಿ ಮಾಡಿಸಿದ್ದೆ. ಕಂತು ತಪ್ಪಿದರೆ ನೂರಕ್ಕೆ ಒಂದು ರೂಪಾಯಿ ದಂಡ, ನಾಲ್ಕು ಕಂತು ತಪ್ಪಿದ ಮೇಲೆ ಖಾತೆಯೇ ನಿಲ್ಲುತ್ತದೆ. ಬೇಸಿಗೆಯಲ್ಲಿ ಆದಾಯವಿಲ್ಲದವರಿಗೆ ಅದು ಹಿಂಸೆ. ಪಿಪಿಎಫ್‌ನಲ್ಲಿ ವರ್ಷಕ್ಕೆ ಕನಿಷ್ಠ 500 ಕಟ್ಟಿದರೆ ಸಾಕು, ಯಾವ ತಿಂಗಳಾದರೂ ಸರಿ. ಆದರೆ ಅದು 15 ವರ್ಷದ ಗಂಟು, ನಡುವೆ ಬೇಕಾಗುವ ದುಡ್ಡನ್ನು ಅಲ್ಲಿಡಬಾರದು. ವರ್ಷಕ್ಕೆ 436 ರೂಪಾಯಿಗೆ ಎರಡು ಲಕ್ಷದ ಜೀವನ್ ಜ್ಯೋತಿ ವಿಮೆ, 20 ರೂಪಾಯಿಗೆ ಸುರಕ್ಷಾ ಅಪಘಾತ ವಿಮೆ ಕೂಡ ಇದೆ. ಪಿಎಫ್ಫೂ ಇಲ್ಲದ, ಪಿಂಚಣಿಯೂ ಇಲ್ಲದ ನಮ್ಮಂಥವರು ಇವೆರಡನ್ನಾದರೂ ಬಿಡಬಾರದು.

ಆ ವರ್ಷ ಅಜ್ಜಂಪುರದಲ್ಲಿ ತಾಸಿಗೆ 75 ಬಿತ್ತು. ಈಗಲೂ ಕಡಿಮೆಯೇ, ದರದ ಮಾತನ್ನು ಪ್ರತಿ ಜೂನ್‌ನಲ್ಲೂ ಎತ್ತುತ್ತೇನೆ. ಸೆಪ್ಟೆಂಬರ್‌ನ ಸಾಲಿನಲ್ಲಿ ಮಾತ್ರ ಸೊನ್ನೆ ಇರಲಿಲ್ಲ: ಡ್ರಾಯಿಂಗ್ ಶೀಟು 120, ಪೋಸ್ಟರ್ ಕಲರ್ 180, ಇದ್ದಿಲು 30. ಆ ಇದ್ದಿಲು ಹಿಡಿದು ಹಿಂದಿನ ಬೆಂಚಿನ ಹುಡುಗ ಬೋರ್ಡಿನಷ್ಟು ಅಗಲಕ್ಕೆ ಅಂಟಿಸಿದ ಶೀಟಿನ ಮೇಲೆ ಎತ್ತು ಬರೆದ. ಕೊಂಬಿನ ತುದಿ ಮೇಲಿನ ಶೀಟನ್ನೂ ದಾಟಿತು. “ಮಿಸ್, ಇನ್ನೊಂದು ಶೀಟ್ ಬೇಕು” ಅಂದ. ಬೀರು ತೆಗೆದು ಕೊಟ್ಟೆ.